ಡ್ರೈವಿಂಗ್ ಲೈಸೆನ್ಸ್ ನವೀಕರಣ: ಮ್ಹೈಸಾಳ ಮತ್ತು ಸುತ್ತಲಿನ ಸದಸ್ಯರಿಗೆ ಮಾಹಿತಿ



ನಮ್ಮ ಮ್ಹೈಸಾಳದಿಂದ ಮಿರಜಕ್ಕೆ ಹೋದರೂ ಗಾಡಿ, ಕಾಗವಾಡಕ್ಕೆ ಹೋದರೂ ಗಾಡಿ. ಬೆಳಿಗ್ಗೆ ಮಹಾರಾಷ್ಟ್ರ, ಮಧ್ಯಾಹ್ನ ಕರ್ನಾಟಕ. ಆದರೆ ಜೇಬಿನಲ್ಲಿರುವ ಲೈಸೆನ್ಸಿನ ಅವಧಿ ಎಂದು ಮುಗಿಯುತ್ತದೆ ಎಂದು ಕೇಳಿದರೆ ಹೆಚ್ಚಿನವರು ಕಾರ್ಡು ತೆಗೆದು ನೋಡಬೇಕಾಗುತ್ತದೆ. ಈಗಲೇ ತೆಗೆದು ನೋಡಿ, ನಂತರ ಮುಂದೆ ಓದಿ.

ಯಾವಾಗ ನವೀಕರಿಸಬೇಕು?

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯಿತು. ಅದರಂತೆ ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ, ಮುಗಿದ ಮೇಲೆ ಒಂದು ವರ್ಷದೊಳಗೆ ನವೀಕರಣಕ್ಕೆ ಅರ್ಜಿ ಹಾಕಬಹುದು. ಒಂದು ವರ್ಷ ದಾಟಿದರೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆಯನ್ನು ಮತ್ತೆ ಕೊಡಬೇಕು.

ಇಲ್ಲಿ ಹಲವರು ತಪ್ಪು ತಿಳಿಯುತ್ತಾರೆ. ಒಂದು ವರ್ಷದ ಅವಕಾಶ ಅರ್ಜಿ ಹಾಕುವುದಕ್ಕೆ ಮಾತ್ರ, ಗಾಡಿ ಓಡಿಸುವುದಕ್ಕಲ್ಲ. ಮೊದಲು ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ನಡೆಯುತ್ತಿತ್ತು. ಆ ರಿಯಾಯಿತಿಯನ್ನು ತಿದ್ದುಪಡಿಯಲ್ಲಿ ತೆಗೆಯಲಾಗಿದೆ. ತಡವಾಗಿ ನವೀಕರಿಸಿದರೆ ಹೊಸ ಅವಧಿ ನವೀಕರಣದ ದಿನದಿಂದ ಶುರುವಾಗುತ್ತದೆ. ನಡುವಿನ ದಿನಗಳಲ್ಲಿ ನೀವು ಲೈಸೆನ್ಸ್ ಇಲ್ಲದವರೇ.

ದಂಡ ಒಂದು ಕಡೆ ಇರಲಿ, ದೊಡ್ಡ ಪೆಟ್ಟು ಬೀಳುವುದು ವಿಮೆಯಲ್ಲಿ. ಆ ದಿನಗಳಲ್ಲಿ ಅಪಘಾತವಾದರೆ ನಿಮ್ಮ ಗಾಡಿಯ ರಿಪೇರಿ ಖರ್ಚನ್ನು ವಿಮಾ ಕಂಪನಿ ನಿರಾಕರಿಸಬಹುದು. ಎದುರಿನವರಿಗೆ ಪರಿಹಾರ ಕೊಟ್ಟು, ಆ ಹಣವನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡಲು ನ್ಯಾಯಾಲಯ ಆದೇಶಿಸಬಹುದು. ಮಗನ ಲೈಸೆನ್ಸ್ ಮುಗಿದಿದ್ದರೆ ತಂದೆಯ ಹೊಲದ ಮೇಲೆ ಹೊರೆ ಬರುವುದು ಹೀಗೆ.

ಎಷ್ಟು ವರ್ಷಕ್ಕೆ ಸಿಗುತ್ತದೆ?

ಸ್ವಂತ ವಾಹನದ ಲೈಸೆನ್ಸ್ ನವೀಕರಿಸುವಾಗ ವಯಸ್ಸು 30ರಿಂದ 50ರ ಒಳಗಿದ್ದರೆ 10 ವರ್ಷ, 50ರಿಂದ 55ರ ಒಳಗಿದ್ದರೆ 60 ವರ್ಷ ತುಂಬುವವರೆಗೆ, 55 ದಾಟಿದ್ದರೆ 5 ವರ್ಷ. ಸಾರಿಗೆ ವಾಹನದ ಪರವಾನಗಿ 5 ವರ್ಷಕ್ಕೆ.

ಲಾರಿ ಓಡಿಸುವವರ ಕಾರ್ಡಿನಲ್ಲಿ ಎರಡು ದಿನಾಂಕ ಇರುತ್ತವೆ, ಸ್ವಂತ ವಾಹನಕ್ಕೆ ಒಂದು, ಸಾರಿಗೆ ವಾಹನಕ್ಕೆ ಇನ್ನೊಂದು. ಸಾರಿಗೆಯದು ಮೊದಲು ಮುಗಿಯುವುದೇ ಹೆಚ್ಚು. ಕಬ್ಬಿನ ಹಂಗಾಮು ಶುರುವಾಗುವ ಮೊದಲೇ ಅದನ್ನು ನೋಡಿಕೊಳ್ಳಿ. 7500 ಕಿಲೋ ಮೀರದ ಹಗುರ ಸಾರಿಗೆ ವಾಹನವನ್ನು ಹಗುರ ವಾಹನದ ಲೈಸೆನ್ಸ್ ಮೇಲೆಯೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ.

ಬೇಕಾಗುವ ಕಾಗದಪತ್ರ

• ಹಳೆಯ ಲೈಸೆನ್ಸ್
• ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ (ಓಟಿಪಿ ಅದಕ್ಕೇ ಬರುತ್ತದೆ)
• ಫೋಟೋ ಮತ್ತು ಸಹಿ
• ಫಾರ್ಮ್ 1: ಆರೋಗ್ಯದ ಬಗ್ಗೆ ಸ್ವಂತ ಘೋಷಣೆ
• 40 ವರ್ಷ ದಾಟಿದವರಿಗೆ ಮತ್ತು ಸಾರಿಗೆ ವಾಹನದವರಿಗೆ ಫಾರ್ಮ್ 1ಎ: ನೋಂದಾಯಿತ ವೈದ್ಯರ ಪ್ರಮಾಣಪತ್ರ. ಫಾರ್ಮ್ 1ಎಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸುತ್ತಾರೆಯೇ ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.

ಕೇಂದ್ರ ನಿಯಮದಂತೆ ನವೀಕರಣಕ್ಕೆ 200 ರೂ., ಸ್ಮಾರ್ಟ್ ಕಾರ್ಡಿಗೆ 200 ರೂ. ಅಂಚೆ ಮುಂತಾದ ಖರ್ಚು ಸೇರಿ ಒಟ್ಟು ಎಷ್ಟೆಂದು ಹಣ ಕಟ್ಟುವ ಪುಟದಲ್ಲೇ ಕಾಣುತ್ತದೆ. ಅವಧಿ ಮೀರಿದ್ದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಅರ್ಜಿ ಹಾಕುವ ಕ್ರಮ

1. ಕೇಂದ್ರ ಸಾರಿಗೆ ಇಲಾಖೆಯ ‘ಪರಿವಾಹನ್’ ಜಾಲತಾಣ ತೆರೆದು ‘ಸಾರಥಿ’ ವಿಭಾಗಕ್ಕೆ ಹೋಗಿ. ವಿಳಾಸದ ಕೊನೆಗೆ ‘ಗವ್ ಡಾಟ್ ಇನ್’ ಇದೆಯೇ ನೋಡಿ.
2. ರಾಜ್ಯ ‘ಮಹಾರಾಷ್ಟ್ರ’ ಆರಿಸಿ.
3. ಲೈಸೆನ್ಸ್ ಸೇವೆಗಳಲ್ಲಿ ಲೈಸೆನ್ಸ್ ಸಂಖ್ಯೆ, ಜನ್ಮ ದಿನಾಂಕ ತುಂಬಿ.
4. ನಿಮ್ಮ ವಿವರ ತೆರೆದಾಗ ಹೆಸರು, ಫೋಟೋ ಸರಿ ಇದೆಯೇ ನೋಡಿ. ಕಚೇರಿ ಸಾಂಗಲಿ, ಅಂದರೆ ಎಂ.ಎಚ್. 10 ಎಂದು ಆರಿಸಿ.
5. ‘ರಿನ್ಯೂವಲ್’ ಗುರುತು ಮಾಡಿ, ಆಧಾರ್ ಓಟಿಪಿ ಕೊಟ್ಟು, ಕಾಗದಪತ್ರ ಸೇರಿಸಿ, ಹಣ ಕಟ್ಟಿ.
6. ಅರ್ಜಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಅರ್ಜಿ ಎಲ್ಲಿಯವರೆಗೆ ಬಂದಿದೆ ಎಂದು ನೋಡಲು ಅದೇ ಆಧಾರ.

ಪರೀಕ್ಷೆ ಬೇಕಿಲ್ಲದ ನವೀಕರಣವನ್ನು ಆಧಾರ್ ದೃಢೀಕರಣದ ಮೇಲೆ ಕಚೇರಿಗೆ ಹೋಗದೆ ಮಾಡಿಸಿಕೊಳ್ಳಲು 2021ರ ಮಾರ್ಚಿನಿಂದ ಅವಕಾಶವಿದೆ. ಆಧಾರ್ ಬೇಡ ಎನ್ನುವವರು ಸಮಯ ಪಡೆದು ಕಚೇರಿಗೆ ಹೋಗಬೇಕು. ಮೊಬೈಲಿನಲ್ಲಿ ಆಗದಿದ್ದರೆ ಮಹಾ ಇ-ಸೇವಾ ಕೇಂದ್ರಕ್ಕೆ ಹೋಗಿ. ಅಲ್ಲಿ ಮಾಡಿಸಿದರೂ ಮೊಬೈಲ್ ನಂಬರ್ ನಿಮ್ಮದೇ ಇರಲಿ.

ನಮ್ಮ ಗಡಿ ಭಾಗದ ತೊಡಕುಗಳು

ಕರ್ನಾಟಕದ ಲೈಸೆನ್ಸ್: ಅಥಣಿ, ಚಿಕ್ಕೋಡಿ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳ, ಬೆಳಗಾವಿಯಲ್ಲಿ ಓದಿದ ಹುಡುಗರ ಕಾರ್ಡು ಕೆ.ಎ. 22 ಅಥವಾ 23ರದ್ದು ಇರುತ್ತದೆ. ಲೈಸೆನ್ಸ್ ಇಡೀ ದೇಶಕ್ಕೆ ಒಂದೇ. ಕೊಟ್ಟ ಕಚೇರಿಯೇ ನವೀಕರಿಸಬೇಕೆಂಬ ಕಟ್ಟು ಕಾಯ್ದೆಯಲ್ಲಿಲ್ಲ. ಈಗ ಮ್ಹೈಸಾಳದಲ್ಲೇ ವಾಸವಿದ್ದರೆ ಇಲ್ಲಿಯ ವಿಳಾಸದ ದಾಖಲೆ ಕೊಟ್ಟು ವಿಳಾಸ ಬದಲಾವಣೆ, ನವೀಕರಣ ಎರಡಕ್ಕೂ ಅರ್ಜಿ ಹಾಕಿ.

ಹಳೆಯ ಪುಸ್ತಕದ ಲೈಸೆನ್ಸ್: ಸಂಖ್ಯೆ ತುಂಬಿದರೆ ವಿವರ ಬರದಿದ್ದರೆ ಅದು ಕಂಪ್ಯೂಟರಿಗೆ ಏರಿಲ್ಲ ಎಂದರ್ಥ. ಮೊದಲು ಅದನ್ನು ಕೊಟ್ಟ ಕಚೇರಿಗೆ ಮೂಲ ಪುಸ್ತಕ ತೆಗೆದುಕೊಂಡು ಹೋಗಿ ದಾಖಲೆ ಏರಿಸಿಕೊಳ್ಳಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಕೊನೆಯ ವಾರಕ್ಕೆ ಇಡಬೇಡಿ.

ಹೆಸರಿನ ಗೊಂದಲ: ಕರ್ನಾಟಕದ ಕಾರ್ಡಿನಲ್ಲಿ ಇನಿಷಿಯಲ್, ಇಲ್ಲಿಯ ಆಧಾರ್‌ನಲ್ಲಿ ಮರಾಠಿ ಪದ್ಧತಿಯಂತೆ ನಡುವೆ ತಂದೆಯ ಅಥವಾ ಗಂಡನ ಹೆಸರು. ಈರಪ್ಪ ಒಂದು ಕಡೆ ವೀರಪ್ಪ ಆಗಿರುತ್ತಾನೆ. ಹೆಸರು ಹೊಂದದಿದ್ದರೆ ಅರ್ಜಿ ನಿಲ್ಲಬಹುದು. ಯಾವುದು ತಪ್ಪಿದೆಯೋ ಅದನ್ನು ಮೊದಲು ತಿದ್ದಿಸಿ.

ಕೊನೆಯದಾಗಿ

ಕಾರ್ಡು ಅಂಚೆಯಲ್ಲಿ ದಾಖಲೆಯ ವಿಳಾಸಕ್ಕೆ ಬರುತ್ತದೆ. ಅಲ್ಲಿಯವರೆಗೆ, ನವೀಕರಣ ಮಂಜೂರಾದ ಮೇಲೆ, ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಪ್ರತಿ ತೋರಿಸಿದರೆ ಎರಡೂ ರಾಜ್ಯಗಳಲ್ಲಿ ನಡೆಯುತ್ತದೆ. ವಾಟ್ಸಾಪಿನಲ್ಲಿ ‘ಚಲನ್ ಬಂದಿದೆ, ಈ ಆ್ಯಪ್ ಹಾಕಿಕೊಳ್ಳಿ’ ಎಂದು ಬರುವ ಫೈಲುಗಳನ್ನು ಒತ್ತಬೇಡಿ. ಅವು ಬ್ಯಾಂಕಿನ ಹಣ ದೋಚುವ ಮೋಸ. ಓಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ.

ಮನೆಯ ಹಿರಿಯರ ಕಾರ್ಡಿನ ದಿನಾಂಕವನ್ನೂ ಇಂದೇ ನೋಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.