ಒಗರಿಲ್ಲದ ಕಷಾಯ

ಶಿರಸಿ ಕಡೆಯ ಹವ್ಯಕರ ಮನೆಗೆ ಹೋದ ನೆಂಟರು ಜಗುಲಿಯಲ್ಲಿ ಕೂರುವಷ್ಟರಲ್ಲಿ ಪ್ರಶ್ನೆ ಬರುತ್ತದೆ: "ಆಸ್ರಿಗೆ ಎಂತ ಅಡ್ಡಿಲ್ಲೆ? ಚಾನೋ, ಕಷಾಯನೋ?" ಬೆಂಗಳೂರಿನಲ್ಲಿ ಕಷಾಯ ಬೇಕೆಂದರೆ "ಯಾಕೆ, ನೆಗಡಿಯಾ?" ಎಂದು ಕೇಳುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅದಕ್ಕೆ ಕಾಯಿಲೆಯ ನೆಪ ಬೇಡ.

ಆಯುರ್ವೇದದಲ್ಲಿ ಕಷಾಯ ಮೊದಲು ಒಂದು ರುಚಿ. ಷಡ್ರಸಗಳಲ್ಲಿ ಒಗರಿಗೆ ಆ ಹೆಸರು. ಔಷಧ ತಯಾರಿಕೆಯ ಐದು ಬಗೆಗಳಾದ ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಲ್ಲವೂ ಕಷಾಯಗಳೇ. ಜನರ ಬಾಯಲ್ಲಿ ಮಾತ್ರ ಕುದಿಸಿದ ಕ್ವಾಥವೊಂದಕ್ಕೇ ಹೆಸರು ಉಳಿಯಿತು. ಶಾರ್ಙ್ಗಧರ ಸಂಹಿತೆಯ ಪ್ರಕಾರ ಒಂದು ಪಾಲು ಮೂಲಿಕೆಗೆ 16 ಪಾಲು ನೀರು ಹಾಕಿ, ಎಂಟನೇ ಒಂದು ಪಾಲಿಗೆ ಇಳಿಸಬೇಕು. ಘಟ್ಟದ ಮೇಲಿನ ಅಡುಗೆಮನೆಗೆ ಅಷ್ಟು ವ್ಯವಧಾನವಿಲ್ಲ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಒಣಶುಂಠಿ ಹುರಿದು ಪುಡಿ ಮಾಡಿಟ್ಟರೆ ಆಯಿತು. ಬೆಲ್ಲದ ನೀರಿನಲ್ಲಿ ಒಂದು ಚಮಚ ಪುಡಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಬಿಸಿ ಹಾಲು ಬೆರೆಸುತ್ತಾರೆ. ಬೆಲ್ಲ, ಹಾಲು ಒಟ್ಟಿಗೇ ಕುದಿದರೆ ಹಾಲು ಒಡೆಯುವ ಭಯ.

ಇದೇ ಭಯ ಐರ್ಲೆಂಡಿನಲ್ಲೂ ಇದೆ. ಅಲ್ಲಿನ ಫಾಯ್ನ್ಸ್‌ನಲ್ಲಿ 1940ರ ದಶಕದಲ್ಲಿ ಬಾಣಸಿಗ ಜೋ ಶೆರಿಡನ್ ಚಳಿಗೆ ನಡುಗುತ್ತಿದ್ದ ವಿಮಾನ ಪ್ರಯಾಣಿಕರಿಗೆ ಬಿಸಿ ಕಾಫಿಗೆ ವಿಸ್ಕಿ, ಸಕ್ಕರೆ ಬೆರೆಸಿ ಮೇಲೆ ಕೆನೆ ತೇಲಿಸಿ ಕೊಟ್ಟ. 1974ರಲ್ಲಿ ಬೈಲೀಸ್ ಎಂಬ ಮದ್ಯ ಬಂದು ವಿಸ್ಕಿಯನ್ನೂ ಕೆನೆಯನ್ನೂ ಒಂದೇ ಬಾಟಲಿಗಿಳಿಸಿತು. ಮನೆಯಲ್ಲಿ ಈ ಪೇಯ ಮಾಡುವವರು ಕಾಫಿಯನ್ನು ಒಲೆಯಿಂದ ಇಳಿಸಿಯೇ ಬೈಲೀಸ್ ಸುರಿಯುವುದು, ಕೆನೆ ಒಡೆಯದಿರಲೆಂದು. ಮದ್ಯವೊಂದನ್ನು ಬಿಟ್ಟರೆ ಬಿಸಿ, ಸಿಹಿ, ಹಾಲಿನ ನುಣುಪು, ಗಂಟಲಿಗೊಂದು ಚುರುಕು ಎರಡರಲ್ಲೂ ಉಂಟು.

ಆದರೆ ಶಿರಸಿಯ ಕಷಾಯದಲ್ಲಿ ಒಗರು ಎಲ್ಲಿ?

ಅದು ಅಂಗಳದಲ್ಲಿದೆ. ಕೆಂಪಡಿಕೆ ಮಾಡಲು ಹಸಿ ಅಡಿಕೆಯನ್ನು ಸುಲಿದು ಬೇಯಿಸುವಾಗ ಹಂಡೆಯಲ್ಲಿ ಉಳಿಯುವ ಕಂದುಗೆಂಪು ರಸ ಅಪ್ಪಟ ಒಗರು. ನಿಘಂಟಿನ ಪ್ರಕಾರ ಕಷಾಯವೆಂದರೆ ಕೆಂಬಣ್ಣವೂ ಹೌದು. ರುಚಿ, ಬಣ್ಣ ಎರಡೂ ಕೂಡಿಬಂದರೂ ಆ ರಸವನ್ನು ಯಾರೂ ಕಷಾಯ ಎನ್ನುವುದಿಲ್ಲ, ಅದು ಚೊಗರು. ಸಂಸ್ಕೃತದ ಪದ ಸಿಹಿ ಲೋಟಕ್ಕೆ ಹೋಯಿತು, ಅದರ ಅರ್ಥ ಕನ್ನಡದ ಹಂಡೆಯಲ್ಲಿ ಉಳಿಯಿತು.

ಬಣ್ಣದ ಅರ್ಥ ನೋಡಬೇಕೆಂದರೆ ಶಿರಸಿ ತಾಲ್ಲೂಕಿನ ಸೋಂದೆಗೆ ಹೋಗಬೇಕು. ಸ್ವರ್ಣವಲ್ಲಿ ಮಠದ, ವಾದಿರಾಜ ಮಠದ ಯತಿಗಳು ಉಡುವುದು ಕಾಷಾಯ ವಸ್ತ್ರ, ಜನರ ಮಾತಿನಲ್ಲಿ ಕಾವಿ. ಅದೇ ಸೋಂದೆಯಲ್ಲಿ ಸ್ವಾದಿ ಜೈನ ಮಠವೂ ಇದೆ. ಜೈನರಿಗೆ ಕಷಾಯಗಳು ನಾಲ್ಕು: ಕ್ರೋಧ, ಮಾನ, ಮಾಯೆ, ಲೋಭ. ಕರ್ಮ ಜೀವಕ್ಕೆ ಅಂಟುವುದೇ ಇವುಗಳಿಂದ ಎನ್ನುತ್ತದೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರ. ಹೀಗೆ ಒಂದೇ ಊರಿನಲ್ಲಿ ಕಷಾಯವನ್ನು ಉಡುವವರು, ಬಿಡಬೇಕೆನ್ನುವವರು, ಹಾಲು ಬೆರೆಸಿ ಕುಡಿಯುವವರು ಮೂವರೂ ಸಿಗುತ್ತಾರೆ.