ಬಳ್ಳಾರಿ ಬಿಸಿಲಲ್ಲಿ ಮೈನಸ್ 196

ಬಳ್ಳಾರಿಯಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಗೆಯಾಡುವುದುಂಟು. ಏಪ್ರಿಲ್ ಬಂತೆಂದರೆ ಪಾದರಸ 40 ಡಿಗ್ರಿ ದಾಟುತ್ತದೆ. ಇಲ್ಲಿ ಕಂಪ್ಯೂಟರನ್ನು ತಣ್ಣಗಿಡುವುದೇ ಒಂದು ಕೆಲಸ. ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಬೀಸುವುದು ಕೋಣೆಯ ಗಾಳಿಯನ್ನೇ. ಕೋಣೆಗಿಂತ ಚಿಪ್ಪು ತಣ್ಣಗಾಗದು.

ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ ವೇಗಕ್ಕಿಂತ ಹೆಚ್ಚು ಓಡಿಸುವುದೇ ಓವರ್‌ಕ್ಲಾಕಿಂಗ್. ವೇಗಕ್ಕಾಗಿ ವೋಲ್ಟೇಜ್ ಏರಿಸಬೇಕು. ಅದರೊಂದಿಗೆ ಶಾಖವೂ ಏರುತ್ತದೆ. ದಾಖಲೆಯ ಬೆನ್ನು ಹತ್ತಿದವರು ಚಿಪ್ಪಿನ ಮೇಲೆ ತಾಮ್ರದ ಪಾತ್ರೆ ಕೂರಿಸಿ, ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಸುರಿಯುತ್ತಾರೆ. 2011ರಲ್ಲಿ ಎಎಂಡಿ ಕಂಪನಿಯ ಚಿಪ್ಪೊಂದು ಇನ್ನೂ ತಣ್ಣನೆಯ ದ್ರವ ಹೀಲಿಯಂ ನೆರವಿನಿಂದ 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನೆಸ್ ದಾಖಲೆ ಬರೆಯಿತು.

ಈ ಶೀತದ ಚರಿತ್ರೆ ಕಂಪ್ಯೂಟರಿಗಿಂತ ಹಳೆಯದು. 1883ರಲ್ಲಿ ಕ್ರಾಕೋವ್ ನಗರದ ರೊಬ್ಲೆವ್‌ಸ್ಕಿ ಮತ್ತು ಓಲ್‌ಶೆವ್‌ಸ್ಕಿ ಗಾಳಿಯ ಅನಿಲಗಳನ್ನು ದ್ರವವಾಗಿಸಿದರು. 1892ರಲ್ಲಿ ಜೇಮ್ಸ್ ಡ್ಯೂವರ್ ಅಂಥ ದ್ರವವನ್ನು ಕಾಪಿಡುವ ಎರಡು ಗೋಡೆಯ ಪಾತ್ರೆ ಮಾಡಿದ. ನಮ್ಮ ಥರ್ಮಾಸ್ ಫ್ಲಾಸ್ಕಿನ ಮೂಲ ಅದೇ. 1895ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ದ್ರವಗಾಳಿಯನ್ನು ಕೈಗಾರಿಕೆಯ ಸರಕಾಗಿಸಿದ.

ಆ ವಿದ್ಯೆ ಬಳ್ಳಾರಿ ಜಿಲ್ಲೆಯಲ್ಲೂ ಬೇರೂರಿದೆ. ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಗೆ ಆಮ್ಲಜನಕ ಬೇಕು. ಅದಕ್ಕಾಗಿ ಗಾಳಿಯನ್ನು ದ್ರವವಾಗುವಷ್ಟು ತಣಿಸಿ, ಮೈನಸ್ 183ರಲ್ಲಿ ಕುದಿಯುವ ಆಮ್ಲಜನಕವನ್ನು ನೈಟ್ರೋಜನ್‌ನಿಂದ ಬೇರ್ಪಡಿಸುತ್ತಾರೆ. 2021ರ ಕೋವಿಡ್ ಅಲೆಯಲ್ಲಿ ಅಲ್ಲಿಂದ ಆಸ್ಪತ್ರೆಗಳಿಗೆ ಟ್ಯಾಂಕರುಗಳು ಹೊರಟಾಗ ಇದು ಎಲ್ಲರ ಬಾಯಲ್ಲೂ ಬಂತು.

ನೈಟ್ರೋಜನ್ನಿನ ನಂಟು ಮಾತ್ರ ದನದ ಕೊಟ್ಟಿಗೆಯವರೆಗೂ ಇದೆ. 1949ರಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ಪೋಲ್ಜ್ ಮತ್ತು ಸಂಗಡಿಗರು ಗ್ಲಿಸರಾಲ್ ಬೆರೆಸಿದರೆ ವೀರ್ಯ ಹೆಪ್ಪುಗಟ್ಟಿಯೂ ಬದುಕುತ್ತದೆಂದು ತೋರಿಸಿದರು. ಹೋರಿಗಳ ವೀರ್ಯವನ್ನು ಹೆಪ್ಪುಗಟ್ಟಿಸುವ ಕೇಂದ್ರ ಸರ್ಕಾರದ ಸಂಸ್ಥೆ ಬೆಂಗಳೂರಿನ ಹೆಸರಘಟ್ಟದಲ್ಲಿದೆ. ಸಿರುಗುಪ್ಪದ ಭತ್ತದ ಸೀಮೆಯಲ್ಲಾಗಲಿ, ದೊಡ್ಡ ಬಸವಣ್ಣನ ಕುರುಗೋಡಿನಲ್ಲಾಗಲಿ, ಕೃತಕ ಗರ್ಭಧಾರಣೆಯ ವೀರ್ಯನಳಿಕೆಗಳು ಜೀವ ಹಿಡಿದಿರುವುದು ಇದೇ ಮೈನಸ್ 196ರ ಕ್ಯಾನಿನಲ್ಲಿ.

ದಾಖಲೆಗಾರನ ತೆರೆದ ಪಾತ್ರೆಯ ದ್ರವ ನೋಡನೋಡುತ್ತಲೇ ಆವಿಯಾಗುತ್ತದೆ. ಮುಗಿದರೆ ಆಟ ನಿಲ್ಲುತ್ತದೆ, ಅಷ್ಟೇ. ಡ್ಯೂವರನ ಪಾತ್ರೆಯ ವಂಶದ ಆ ಕ್ಯಾನಿನಲ್ಲಿ ಅದು ವಾರಗಟ್ಟಲೆ ಉಳಿಯುತ್ತದೆ. ಆದರೆ ಹೊತ್ತಿಗೆ ಸರಿಯಾಗಿ ಮತ್ತೆ ತುಂಬದಿದ್ದರೆ ನಳಿಕೆಗಳು ಕೆಟ್ಟುಹೋಗುತ್ತವೆ. ಹಸುವಿನ ಬೆದೆ ತಪ್ಪಿದರೆ ರೈತ ಸುಮಾರು 21 ದಿನ ಕಾಯಬೇಕು. ಅಷ್ಟು ದಿನ ಮೇವಿನ ಖರ್ಚು ನಿಲ್ಲದು, ಕರುವೂ ಹಾಲೂ ಅಷ್ಟೇ ಹಿಂದೆ ಬೀಳುತ್ತವೆ. ಗಿಗಾಹರ್ಟ್ಸ್ ದಾಖಲೆಗಳಿಗೆ ಪಟ್ಟಿಯಿದೆ. ಬಿಸಿಲೂರಿನ ಕ್ಯಾನು ಬತ್ತದಂತೆ ನೋಡಿಕೊಂಡವರ ಚರಿತ್ರೆಯನ್ನೂ ನಾವು ಬರೆಯಬೇಕಿದೆ.