ಪ್ರಾಲಿಡಾಕ್ಸೈಮ್ ಯಾರಿಗೆ, ಯಾವಾಗ? ಬಾರಾಮತಿ ಪ್ರಯೋಗದ ಮರುಪರಿಶೀಲನೆ

2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದ ಉಂಡ ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. 17 ಮಂದಿ ತೀರಿಕೊಂಡರು. ಪ್ರಸಾದದಲ್ಲಿ ಬೆರೆತಿದ್ದುದು ಮೊನೊಕ್ರೊಟೊಫಾಸ್ ಎಂಬ ಆರ್ಗನೊಫಾಸ್ಫೇಟ್ ಕೀಟನಾಶಕ. ಪ್ರಯೋಗಾಲಯ ಆ ಹೆಸರನ್ನು ಖಚಿತಪಡಿಸುವ ಮೊದಲೇ ವೈದ್ಯರು ಚಿಕಿತ್ಸೆ ಆರಂಭಿಸಬೇಕಾಗಿತ್ತು. ಇಂಥಲ್ಲಿ ಪ್ರತಿವಿಷದ ನಿರ್ಧಾರ ವರದಿಗೆ ಕಾಯುವುದಿಲ್ಲ. ಜೊಲ್ಲು, ಬೆವರು, ಎದೆಯ ಗೊರಗೊರ, ಕಿರಿದಾದ ಕಣ್ಣುಪಾಪೆಗಳೇ ಅದಕ್ಕೆ ಆಧಾರ.

ಆರ್ಗನೊಫಾಸ್ಫೇಟ್ ವಿಷಕ್ಕೆ ಅಟ್ರೋಪಿನ್ ಕೊಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಶ್ವಾಸಕೋಶ ತಿಳಿಯಾಗುವವರೆಗೆ, ನಾಡಿ ಮತ್ತು ರಕ್ತದೊತ್ತಡ ಚೇತರಿಸುವವರೆಗೆ ಕೆಲವೇ ನಿಮಿಷಗಳಿಗೊಮ್ಮೆ ಪ್ರಮಾಣವನ್ನು ದುಪ್ಪಟ್ಟು ಮಾಡುತ್ತ ಹೋಗುವ ಕ್ರಮ ಇಂದು ವ್ಯಾಪಕವಾಗಿ ಒಪ್ಪಿತವಾಗಿದೆ. ತಕರಾರು ಇರುವುದು ಎರಡನೆಯ ಮದ್ದಾದ ಪ್ರಾಲಿಡಾಕ್ಸೈಮ್ ಬಗ್ಗೆ. ವಾರ್ಡಿನ ಮಾತಿನಲ್ಲಿ ಅದು ‘ಪಾಮ್’.

ಪಾಮ್ ಪರವಾಗಿ ಹೆಚ್ಚಾಗಿ ಉಲ್ಲೇಖಿಸುವುದು ಮಹಾರಾಷ್ಟ್ರದ ಬಾರಾಮತಿಯಲ್ಲಿ ಪವಾರ್ ಮತ್ತು ಸಂಗಡಿಗರು ನಡೆಸಿ, 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಮಧ್ಯಮ ತೀವ್ರತೆಯ 200 ರೋಗಿಗಳಿಗೂ ಮೊದಲು 2 ಗ್ರಾಂ ಪಾಮ್ ಕೊಡಲಾಯಿತು. ಬಳಿಕ 48 ಗಂಟೆಗಳ ಕಾಲ ಒಂದು ಗುಂಪಿಗೆ ಗಂಟೆಗೆ 1 ಗ್ರಾಂನಂತೆ ಸತತವಾಗಿ, ಇನ್ನೊಂದಕ್ಕೆ ನಾಲ್ಕು ಗಂಟೆಗೊಮ್ಮೆ 1 ಗ್ರಾಂ. ಮೊದಲ ಗುಂಪಿನಲ್ಲಿ ಸತ್ತವರು ಶೇ. 1, ಎರಡನೆಯದರಲ್ಲಿ ಶೇ. 8.

ಈ ಅಂತರವನ್ನು ‘ಪಾಮ್ ಜೀವ ಉಳಿಸುತ್ತದೆ’ ಎಂದು ಓದುವುದುಂಟು. ಆದರೆ ಬಾರಾಮತಿಯಲ್ಲಿ ಪಾಮ್ ಪಡೆಯದ ಗುಂಪೇ ಇರಲಿಲ್ಲ. ಅಲ್ಲಿ ಪರೀಕ್ಷೆಗೆ ಒಳಗಾದುದು ‘ಹೇಗೆ ಕೊಡಬೇಕು’ ಎಂಬ ಪ್ರಶ್ನೆ, ‘ಕೊಡಬೇಕೇ’ ಎಂಬುದಲ್ಲ. ಒಂದೇ ಕೇಂದ್ರದ ಪ್ರಯೋಗವದು. ಯಾರಿಗೆ ಯಾವ ಕ್ರಮ ಎಂಬುದು ವೈದ್ಯರಿಗೆ ಗೊತ್ತಿತ್ತು.

‘ಕೊಡಬೇಕೇ’ ಎಂದು ನೇರವಾಗಿ ಕೇಳಿದ್ದು ಶ್ರೀಲಂಕಾದಲ್ಲಿ ಎಡಲ್‌ಸ್ಟನ್ ಮತ್ತು ಸಂಗಡಿಗರು ನಡೆಸಿ, 2009ರಲ್ಲಿ ಪ್ರಕಟಿಸಿದ ಪ್ರಯೋಗ. 235 ರೋಗಿಗಳಲ್ಲಿ ಪಾಮ್ ಪಡೆದವರ ಪೈಕಿ ಶೇ. 24.8, ಸಲೈನ್ ಪಡೆದವರ ಪೈಕಿ ಶೇ. 15.8 ಮಂದಿ ಸತ್ತರು.

ಇದಕ್ಕೆ ಸಾಮಾನ್ಯವಾಗಿ ಬರುವ ಆಕ್ಷೇಪ ಸಮಯದ್ದು. ವಿಷ ಕಟ್ಟಿಹಾಕಿದ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವವನ್ನು ಪಾಮ್ ಬಿಡಿಸುತ್ತದೆ; ಸಮಯ ಕಳೆದಂತೆ ಆ ಬಂಧ ಶಾಶ್ವತವಾಗಿ, ಅಂದರೆ ಕಿಣ್ವ ‘ಏಜಿಂಗ್’ಗೆ ಒಳಗಾದ ಮೇಲೆ ಬಿಡಿಸಲಾರದು. ಮೊನೊಕ್ರೊಟೊಫಾಸ್, ಡೈಮೆಥೊಯೇಟ್‌ನಂಥ ಡೈಮೀಥೈಲ್ ವಿಷಗಳಲ್ಲಿ ಏಜಿಂಗ್‌ನ ಅರ್ಧಾಯು ಸುಮಾರು 3.7 ಗಂಟೆ. ಕ್ಲೋರ್‌ಪೈರಿಫಾಸ್‌ನಂಥ ಡೈಈಥೈಲ್ ವಿಷಗಳಲ್ಲಿ ಅದು ಸುಮಾರು 33 ಗಂಟೆ. ಹಾಗಿದ್ದರೆ ತಡವಾಗಿ ಬಂದವರಿಂದಲೇ ಪಾಮ್ ಸೋತಿತೆನ್ನಬಹುದೇ? ಈ ವಾದ ಪೂರ್ತಿ ನಿಲ್ಲುವುದಿಲ್ಲ. ಶ್ರೀಲಂಕಾದಲ್ಲಿ ಡೈಈಥೈಲ್ ವಿಷ ಸೇವಿಸಿದವರ ಕೆಂಪುರಕ್ತಕಣಗಳ ಕಿಣ್ವ ಪಾಮ್‌ನಿಂದ ಗಣನೀಯವಾಗಿ ಮರಳಿತ್ತು. ಆದರೂ ಬದುಕುಳಿಯುವ ಪ್ರಮಾಣ ಏರಲಿಲ್ಲ. ರಕ್ತದ ಮಾದರಿಯಲ್ಲಿ ಕಂಡ ಸುಧಾರಣೆಯನ್ನೇ ರೋಗಿಯ ಚೇತರಿಕೆ ಎಂದುಕೊಳ್ಳಲಾಗದು.

ಆದ್ದರಿಂದ ‘ಔಷಧಿ ಕುಡಿದು’ ಬಂದ ಎಲ್ಲರಿಗೂ ವಾಡಿಕೆಯಂತೆ ಪಾಮ್ ಕೊಡುವುದಕ್ಕೆ ಬಾರಾಮತಿಯ ಫಲಿತಾಂಶವನ್ನು ಆಧಾರವಾಗಿಸಲಾಗದು. ಡೈಮೀಥೈಲ್ ವಿಷ ಸೇವಿಸಿ ಹನ್ನೆರಡು ಗಂಟೆ ದಾಟಿ ಬಂದವರಲ್ಲಂತೂ ಸಮರ್ಥನೆ ಅತ್ಯಂತ ದುರ್ಬಲ. ಆದರೂ ಈ ಮಾತಿಗೆ ಮಿತಿಗಳಿವೆ. ಶ್ರೀಲಂಕಾ ಪ್ರಯೋಗ ಅವಧಿಗೆ ಮುನ್ನವೇ ನಿಂತಿತು. ಸಾವಿನ ವ್ಯತ್ಯಾಸ ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಖಚಿತವಲ್ಲ. ಪಾಮ್ ಹಾನಿಕರವೆಂದು ಅದರಿಂದ ಸಾಧಿಸಲಾಗದು. ಎರಡೂ ಕಡೆ ಪ್ರಮಾಣ ಬೇರೆ, ರೋಗಿಗಳ ತೀವ್ರತೆ ಬೇರೆ. 2011ರ ಕಾಕ್ರೇನ್ ಸಮೀಕ್ಷೆಯೂ ಇರುವ ಪುರಾವೆ ಸಾಲದೆಂದೇ ಹೇಳಿತು.

ನಿರ್ಧಾರದಲ್ಲಿ ಸ್ಥಳಕ್ಕೂ ಪಾತ್ರವಿದೆ. ಬೆಂಗಳೂರಿನ ವಿಕ್ಟೋರಿಯಾದಂಥ ದೊಡ್ಡ ಆಸ್ಪತ್ರೆಯಲ್ಲಿ ಪಾಮ್ ಅನ್ನು ತಡೆಹಿಡಿದ ವೈದ್ಯರಿಗೆ ವೆಂಟಿಲೇಟರಿನ ಆಸರೆ ಇರುತ್ತದೆ. ಅದಿಲ್ಲದ ಊರಿನಲ್ಲಿ ಅಟ್ರೋಪಿನ್ ಆರಂಭಿಸಿ, ಉಸಿರಾಟ ಕಾಪಾಡುತ್ತ ರೋಗಿಯನ್ನು ಬೇಗ ಸಾಗಿಸುವುದು ಪಾಮ್ ಹುಡುಕುವುದಕ್ಕಿಂತ ತುರ್ತಿನದು.

ಡೈಈಥೈಲ್ ವಿಷ ಸೇವಿಸಿ ಎರಡು ಮೂರು ಗಂಟೆಯೊಳಗೆ ಬಂದವರಿಗೆ ಬಾರಾಮತಿಯ ಪ್ರಮಾಣ ಕೊಟ್ಟು, ಸಲೈನ್ ಪಡೆದವರೊಂದಿಗೆ ಹೋಲಿಸಿದರೆ ಫಲಿತಾಂಶ ಏನಾದೀತು ಎಂಬುದನ್ನು ಈ ಎರಡು ಪ್ರಯೋಗಗಳಿಂದ ಊಹಿಸಲಾಗದು. ಮೇಲಿನ ವಾದವೂ ಆ ಗುಂಪಿನ ರೋಗಿಗಳಿಗೆ ಅನ್ವಯಿಸುವಂಥದ್ದಲ್ಲ.